ಬುಕಾನನ್ನನ ಎರಡು ಲೆಕ್ಕಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಬಯಲುಸೀಮೆಯ ಪೂರ್ವಚರಿತ್ರೆಯನ್ನು ಬರೆಯಹೊರಟವರು ಫ್ರಾನ್ಸಿಸ್ ಬುಕಾನನ್ನನ ಹೆಸರನ್ನು ಎತ್ತದೆ ಮುಂದುವರಿಯುವುದು ಕಷ್ಟ. ಆದರೆ ನಾವು ಆತನನ್ನು ಪ್ರವಾಸಿಯೆಂದು ಮಾತ್ರ ಬಲ್ಲೆವು. ಆತನು ವೃತ್ತಿಯಿಂದ ವೈದ್ಯನೆಂಬುದನ್ನೂ, ಒಂದು ದೇಶದ ಸಂಪತ್ತನ್ನು ಬರೆದಿಡುವಂತೆ ಅದರ ರೋಗಗಳನ್ನೂ ಬರೆದಿಡಲು ಹೊರಟವರಲ್ಲಿ ಮೊದಲಿಗರ ಸಾಲಿಗೆ ಸೇರಿದವನೆಂಬುದನ್ನೂ ಮರೆತಿದ್ದೇವೆ.

ಬುಕಾನನ್ ಹುಟ್ಟಿದ್ದು 1762ನೆಯ ಇಸವಿ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನ ಪರ್ತ್‌ಷೈರ್ ಪ್ರಾಂತದಲ್ಲಿ. 1783ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ವೈದ್ಯ ಪದವಿಯನ್ನು ಪಡೆದನು. ಸಸ್ಯಶಾಸ್ತ್ರದಲ್ಲಿ ಆತನಿಗೆ ವೈದ್ಯದಷ್ಟೇ ಒಲವು. ಕೆಲವು ಕಾಲ ಹಡಗುಗಳಲ್ಲಿ ವೈದ್ಯನಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳ ವೈದ್ಯಶಾಖೆಯನ್ನು ಸೇರಿದನು. ಮರುವರ್ಷವೇ ರಾಯಭಾರಿ ಸೈಮ್ಸನೊಡನೆ ಬರ್ಮಾ ದೇಶಕ್ಕೆ ಹೋಗಿಬಂದನು. ಕಂಡದ್ದನ್ನೆಲ್ಲ ಅಂದಂದೇ ಬರೆದಿಡುವುದು ಆತನ ಜೀವಮಾನದ ಅಭ್ಯಾಸವಾಯಿತು.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪುಸುಲ್ತಾನನು ಮಡಿದನು. ಕೈಗೆ ಬಂದ ಸೀಮೆಯ ಬಲಾಬಲವನ್ನು ತಿಳಿಯಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿಯು ಬುಕಾನನ್ನನನ್ನು ನೇಮಿಸಿದನು. 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಈತನು ಆ ವರ್ಷದ ಮಳೆಗಾಲದಲ್ಲಿ ಕೋಲಾರದ ಕಡೆಯಿಂದ ಮಧುಗಿರಿಯನ್ನು ಹಾದು ಶಿರಾಕ್ಕೆ ಬಂದನು. ಮೊಗಲರ ಕಾಲದಲ್ಲಿ ಒಂದು ಸುಬಾದ ರಾಜಧಾನಿಯಾಗಿದ್ದ ಶಿರಾ ಅಷ್ಟರಲ್ಲಿ ಸೊರಗಿಹೋಗಿತ್ತು. ಟಿಪ್ಪುವು ಗಂಜಾಮನ್ನು ಕಟ್ಟಿದಾಗ ಇಲ್ಲಿಂದ 12,000 ಕುಟುಂಬಗಳನ್ನು ಅಲ್ಲಿಗೆ ಸಾಗಿಸಿದನೆಂದು ಗೆಜೆಟಿಯರು ಹೇಳುತ್ತದೆ. ಮರಾಠರ ದಂಡಿನ ಹಾವಳಿಯು ಅದರ ಮೇಲೆ ಬಂದಿತ್ತು.

ಇಂಥ ನಾಡಿನಲ್ಲಿ ಬುಕಾನನ್ನನು ಏನನ್ನು ಕೇಳಿದನು? ಭೂಮಿಯ ಬಗೆ, ಬಿತ್ತನೆಯ ಕಾಲ, ಕೆರೆಯ ನೀರು, ಕಂದಾಯದ ದರ, ಗೊಲ್ಲರ ದನಕರು, ಮಧುಗಿರಿ ಮತ್ತು ಚನ್ನರಾಯನದುರ್ಗಗಳ ಕಡೆ ಕಬ್ಬಿಣದ ಅದುರನ್ನು ಕರಗಿಸುವ ಕ್ರಮ, ಇವೆಲ್ಲವನ್ನೂ ಕೇಳಿದನು. ಭಾಷೆ ಬಾರದ ಕಾರಣ ದುಭಾಷಿಗಳ ಮೂಲಕವೇ ಕೇಳಿದನು. ಈ ವಿವರಗಳು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದವು. ನಾನು ಆ ಸಂಪುಟಗಳನ್ನು ಮೊದಲ ಸಲ ಓದಿದಾಗ ಅಷ್ಟೊಂದು ಸೂಕ್ಷ್ಮ ದೃಷ್ಟಿಗೆ ಬೆರಗಾದೆ. ಎರಡನೆಯ ಸಲ ಓದಿದಾಗ ಬೇರೊಂದು ಸಂಗತಿ ಹೊಳೆಯಿತು. ಬರೆದವನು ವೈದ್ಯ, ಆದರೂ ಈ ಸೀಮೆಯ ಜನ ಯಾವ ಕಾಯಿಲೆಗಳಿಂದ ನರಳುತ್ತಿದ್ದರು, ಎಷ್ಟು ಮಂದಿ ನರಳುತ್ತಿದ್ದರು ಎಂಬುದರ ಪ್ರತ್ಯೇಕ ಲೆಕ್ಕ ಅಲ್ಲಿಲ್ಲ. ಜ್ವರದ ಮಾತು ದಾರಿಯ ಮಾತಾಗಿ ಬಂದು ಹೋಗುತ್ತದೆ. ಒಡೆಯರಿಗೆ ಬೇಕಾಗಿದ್ದುದು ಮುಖ್ಯವಾಗಿ ಬೆಳೆಯ ಲೆಕ್ಕ, ದೊರೆತದ್ದೂ ಅದೇ.

ಎರಡನೆಯ ಲೆಕ್ಕವು ಬಂಗಾಳದ್ದು. ನಡುವೆ ನೇಪಾಳಕ್ಕೆ ಹೋಗಿಬಂದು, ವೆಲ್ಲೆಸ್ಲಿಗೆ ವೈದ್ಯನಾಗಿದ್ದು, ಆತನೊಡನೆ ತಾಯ್ನಾಡಿಗೂ ಹೋಗಿ ಮರಳಿದ ಬುಕಾನನ್ನನಿಗೆ 1807ರಲ್ಲಿ ಬಂಗಾಳದ ಅಧೀನದಲ್ಲಿದ್ದ ಪ್ರಾಂತಗಳ ಮೋಜಣಿಯನ್ನು ಒಪ್ಪಿಸಲಾಯಿತು. ಈ ಸಲ ಕಂಪೆನಿಯ ಆಜ್ಞೆಯಲ್ಲಿ ಒಂದು ಹೊಸ ಅಂಶವಿತ್ತು: ಜನರ ಅನ್ನ, ಬಟ್ಟೆ, ವಸತಿಗಳ ಜೊತೆಗೆ ಅವರನ್ನು ವಿಶೇಷವಾಗಿ ಕಾಡುವ ರೋಗಗಳಾವುವು, ಅವುಗಳ ನಿವಾರಣೆಗೆ ಏನು ಮಾಡಲಾಗಿದೆ, ಮುಂದೆ ಏನು ಮಾಡಬಹುದು ಎಂಬುದನ್ನೂ ವಿಚಾರಿಸಬೇಕು. ಏಳು ವರ್ಷಗಳ ಕಾಲ ಆತನು ದಿನಾಜಪುರ, ರಂಗಪುರ, ಪೂರ್ಣಿಯಾ, ಭಾಗಲ್ಪುರ, ಪಾಟ್ನಾ, ಶಹಾಬಾದ್, ಗೋರಖಪುರಗಳನ್ನು ಸುತ್ತಿದನು. ಜ್ವರಗಳು, ಸಿಡುಬು, ಅದಕ್ಕೆ ನಾಡಿನವರು ಹಾಕುತ್ತಿದ್ದ ದೇವಿ, ಕುಷ್ಠ ಮೊದಲಾದವು ಜಿಲ್ಲೆ ಜಿಲ್ಲೆಯ ವರದಿಯಲ್ಲಿ ಸ್ಥಾನ ಪಡೆದವು. ಜನಗಣತಿಯಿಲ್ಲದ ಕಾಲವಾದುದರಿಂದ ಆತನ ಸಂಖ್ಯೆಗಳು ಅಂದಾಜುಗಳೇ ಹೊರತು ಎಣಿಕೆಯಲ್ಲ. ಆದರೂ ರೋಗವು ಒಬ್ಬೊಬ್ಬರ ಹಣೆಬರಹವಷ್ಟೇ ಅಲ್ಲ, ನಾಡಿನ ಸ್ಥಿತಿಯ ಒಂದು ಭಾಗವೆಂಬ ತಿಳಿವು ಅಲ್ಲಿ ಸ್ಪಷ್ಟವಾಗಿದೆ.

ಈ ದುಡಿಮೆಗೆ ದೊರೆತ ಫಲವೇನು? 1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರ ದೊರೆಯಿತು. ಮರುವರ್ಷವೇ ಊರಿಗೆ ಹೊರಟನು. ಹೊರಡುವಾಗ, ತಾನು ಬರೆಯಿಸಿದ್ದ ಚಿತ್ರಗಳನ್ನು ಗವರ್ನರ್ ಜನರಲ್ ಮೊಯಿರಾನ ಅಪ್ಪಣೆಯಂತೆ ಇಲ್ಲಿಯೇ ಬಿಟ್ಟುಹೋಗಬೇಕಾಯಿತು. ವರದಿಗಳು ಲಂಡನ್ನಿನ ಇಂಡಿಯಾ ಹೌಸಿನ ಕಪಾಟುಗಳನ್ನು ಸೇರಿದವು. ತಾಯಿಯ ಕಡೆಯ ಆಸ್ತಿಗೆ ಹಕ್ಕುದಾರನಾಗಿ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದು, 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, 1829ರ ಜೂನ್ 15ರಂದು ಈತನು ತೀರಿಕೊಂಡನು. ಒಂಬತ್ತು ವರ್ಷಗಳ ಅನಂತರ, 1838ರಲ್ಲಿ, ಮಾಂಟ್‌ಗೊಮೆರಿ ಮಾರ್ಟಿನ್ ಎಂಬಾತನು ಆ ವರದಿಗಳನ್ನು ಮೊಟಕುಮಾಡಿ ಅಚ್ಚು ಹಾಕಿಸಿದನು. ಮುಖಪುಟದಲ್ಲಿ ಬುಕಾನನ್ನನ ಹೆಸರೇ ಇರಲಿಲ್ಲ. ವರದಿಯಾದ ಜಿಲ್ಲೆಗಳ ರೋಗಿಗಳಲ್ಲಿ ಎಷ್ಟು ಮಂದಿ ಅಷ್ಟರೊಳಗೆ ಕಣ್ಣು ಮುಚ್ಚಿದ್ದರೋ!

ಲೆಕ್ಕವಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಮೈಸೂರು ಸೀಮೆಯೇ ಕಂಡಿತು. 1871ರ ಗಣತಿಯಲ್ಲಿ ಸುಮಾರು 50 ಲಕ್ಷ 55 ಸಾವಿರವಿದ್ದ ಜನಸಂಖ್ಯೆಯು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. 1876ರಿಂದ 1878ರವರೆಗಿನ ಬರದಲ್ಲಿ ಹಸಿವಿನಿಂದಲೂ ಬೇನೆಯಿಂದಲೂ ಸತ್ತವರೆಷ್ಟೆಂಬುದನ್ನು ಬಹುಮಟ್ಟಿಗೆ ಇದ್ದವರ ಸಂಖ್ಯೆಯನ್ನು ಕಳೆದೇ ಊಹಿಸಬೇಕಾಯಿತು.

ಬುಕಾನನ್ನನು ಶಿರಾವನ್ನು ಬಿಟ್ಟು ಹೋದ 160 ವರ್ಷಗಳ ಮೇಲೆ ಲೆಕ್ಕ ಬರೆಯುವ ವೈದ್ಯರು ತುಮಕೂರು ಜಿಲ್ಲೆಗೆ ಮತ್ತೆ ಬಂದರು. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು 1960-61ರಲ್ಲಿ ಈ ಜಿಲ್ಲೆಯಿಂದ ಆರಿಸಿದ ಹಳ್ಳಿಗಳಲ್ಲಿ ಚರ್ಮಪರೀಕ್ಷೆ, ಎಕ್ಸ್‌ರೇ, ಕಫಪರೀಕ್ಷೆಗಳನ್ನು ನಡೆಸಿದರು. ಪರೀಕ್ಷೆಗೆ ಒಳಗಾದವರಲ್ಲಿ ಸಾವಿರಕ್ಕೆ ಸುಮಾರು ನಾಲ್ವರ ಕಫದಲ್ಲಿ ಕ್ಷಯದ ಅಣುಜೀವಿ ಕಂಡಿತು. ಬಳಿಕ ದೇವವರ ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ಎಂಬ ವಿದ್ವಾಂಸರು ಆ ರೋಗಿಗಳ ಮನೆಗೇ ಹೋಗಿ ಮಾತನಾಡಿಸಿದರು. ಹಳ್ಳಿಯವರಿಗೆ ತಮ್ಮ ಕಾಯಿಲೆಯ ಪರಿವೆಯಿಲ್ಲವೆಂಬ ನಂಬಿಕೆ ಅಲ್ಲಿ ಕುಸಿಯಿತು. ಬಹುಪಾಲು ರೋಗಿಗಳಿಗೆ ಕಾಯಿಲೆಯ ಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಮಂದಿ ಆಸ್ಪತ್ರೆಯ ಬಾಗಿಲಿಗೂ ಹೋಗಿದ್ದರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ದೊರೆತದ್ದು ಕೆಮ್ಮಿನ ಔಷಧದ ಒಂದು ಸೀಸೆ. ಕೊರತೆಯಿದ್ದುದು ರೋಗಿಯ ತಿಳಿವಳಿಕೆಯಲ್ಲಲ್ಲ, ಬಾಗಿಲ ಒಳಗಿನ ವ್ಯವಸ್ಥೆಯಲ್ಲಿ. ಕೆಮ್ಮೆಂದು ಬಂದವರ ಕಫವನ್ನು ಹತ್ತಿರದ ಆರೋಗ್ಯಕೇಂದ್ರದಲ್ಲಿಯೇ ಪರೀಕ್ಷಿಸಿ ಚಿಕಿತ್ಸೆ ಕೊಡುವ ರಾಷ್ಟ್ರೀಯ ಕ್ಷಯ ಕಾರ್ಯಕ್ರಮವು 1962ರಲ್ಲಿ ರೂಪುಗೊಂಡಾಗ ಈ ತಿಳಿವು ಅದಕ್ಕೆ ತಳಹದಿಯಾಯಿತು. ಈ ಲೆಕ್ಕ ಕಪಾಟಿನಲ್ಲಿ ಉಳಿಯಲಿಲ್ಲ.

ನನ್ನ ತಾತನ ತಂಗಿಯೊಬ್ಬಳು ಮಧುಗಿರಿಯ ಕಡೆಗೆ ಸೊಸೆಯಾಗಿ ಹೋಗಿ, ಈ ಸಮೀಕ್ಷೆಗೆ ಹತ್ತು ಹನ್ನೆರಡು ವರ್ಷ ಮೊದಲೇ ಕ್ಷಯದಿಂದ ತೀರಿಕೊಂಡಳು. ಆಕೆಗೂ ಸೀಸೆಯ ಔಷಧ ತಂದು ಕೊಡುತ್ತಿದ್ದರಂತೆ. ಆಕೆಯ ಸಾವು ನಮ್ಮ ಮನೆಯವರ ನೆನಪಿನಲ್ಲಲ್ಲದೆ ಬೇರೆಲ್ಲಿಯೂ ದಾಖಲಾದಂತೆ ಕಾಣೆ. ಬುಕಾನನ್ನನ ಸಂಪುಟಗಳನ್ನು ತೆರೆದಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ. ಆತನು ಕಂಡದ್ದನ್ನು ಪ್ರಾಮಾಣಿಕವಾಗಿ ಬರೆದನು. ಆದರೆ ಶಿರಾ, ಮಧುಗಿರಿಗಳಲ್ಲಿ ಆತನನ್ನು ಕಳುಹಿಸಿದವರು ರೋಗದ ಲೆಕ್ಕವನ್ನು ಕೇಳಲಿಲ್ಲ. ಬಂಗಾಳದಲ್ಲಿ ಕೇಳಿದವರು ಬಂದ ಉತ್ತರವನ್ನು ಓದಲಿಲ್ಲ.