ದಿನಾ ವ್ಯಾಯಾಮ ಮಾಡಿದರೆ ಚರ್ಮಕ್ಕೆ ವಯಸ್ಸೇ ಆಗುವುದಿಲ್ಲವೇ? ಕೆ.ವಿ. ಅಯ್ಯರ್ ಬದುಕಿನ ಜೊತೆ ಒಂದು ಪರಿಶೀಲನೆ

ವ್ಯಾಯಾಮ ಮಾಡುವವರ ಮುಖಕ್ಕೆ ಸುಕ್ಕು ಬರುವುದಿಲ್ಲ, ಬೆವರಿನ ಜೊತೆ ವಿಷವೆಲ್ಲ ಹೊರಹೋಗಿ ಚರ್ಮ ಹೊಳೆಯುತ್ತದೆ ಎನ್ನುವ ಸಂದೇಶಗಳು ಫ್ಯಾಮಿಲಿ ಗ್ರೂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಸಾಕ್ಷಿಗೆ ಯಾರೋ ಹಳೆಯ ಪೈಲ್ವಾನರ ಫೋಟೊ. ಈ ಸಲ ನಾವು ನಮ್ಮದೇ ನಾಡಿನ ಒಬ್ಬರ ಬದುಕನ್ನು ಮುಂದಿಟ್ಟುಕೊಂಡು ಇದನ್ನು ನೋಡೋಣ.

'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಕೋಲಾರದ ವೆಂಕಟೇಶ ಅಯ್ಯರ್ ಅವರನ್ನು ಹೆಚ್ಚಿನವರು ಸಾಹಿತಿ ಎಂದೇ ಬಲ್ಲರು. ಆದರೆ ಅವರ ಹೊಟ್ಟೆಪಾಡು, ಹುಚ್ಚು ಎರಡೂ ಅಂಗಸಾಧನೆಯೇ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು, ಅಂಚೆಯ ಮೂಲಕ ದೂರದವರಿಗೂ ಪಾಠ ಕಳಿಸಿದರು, ಮೈಸೂರು ಅರಸರ ಬೆಂಬಲ ಪಡೆದರು. 1930ರಲ್ಲಿ 'ಮಸಲ್ ಕಲ್ಟ್', 1937ರಲ್ಲಿ 'ಸೂರ್ಯ ನಮಸ್ಕಾರ್' ಎಂಬ ಇಂಗ್ಲಿಷ್ ಪುಸ್ತಕಗಳು ಬಂದವು. ಭಾರ ಎತ್ತುವುದನ್ನೂ ಯೋಗಾಸನವನ್ನೂ ಒಟ್ಟಿಗೆ ಕಲಿಸಿದವರು ಅವರು. ಆಗ ಅದು ಹೊಸದು.

ಅವರ ಆ ಕಾಲದ ಫೋಟೊಗಳಲ್ಲಿ ಗ್ರೀಕ್ ಶಿಲೆಯ ಹಾಗೆ ನಿಂತ ಮೈ ಮಿರಿಮಿರಿ ಮಿಂಚುತ್ತದೆ. ಅದನ್ನು ಆರೋಗ್ಯವಂತ ಚರ್ಮಕ್ಕೆ ಪುರಾವೆ ಎನ್ನಲಾಗದು. ಮೈಗೆ ಎಣ್ಣೆಯನ್ನೋ ಪೌಡರನ್ನೋ ಬಳಿದುಕೊಂಡು, ಬೆಳಕು ಬೀಳುವ ದಿಕ್ಕು ನೋಡಿ ನಿಲ್ಲುವುದು ಆಗಿನ ದೇಹದಾರ್ಢ್ಯ ಪಟುಗಳ ವಾಡಿಕೆ. ಇಂದಿನ ಫಿಲ್ಟರ್ ಇದ್ದಂತೆ ಅನ್ನಿ.

ಹಾಗಾದರೆ ವ್ಯಾಯಾಮದಿಂದ ಚರ್ಮಕ್ಕೆ ಏನೂ ಇಲ್ಲವೇ? ಇದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು, ವ್ಯಾಯಾಮದ ಅಭ್ಯಾಸವಿಲ್ಲದ 65 ದಾಟಿದ ಕೆಲವರಿಗೆ ವಾರಕ್ಕೆ ಎರಡು ದಿನದಂತೆ ಮೂರು ತಿಂಗಳು ವ್ಯಾಯಾಮ ಮಾಡಿಸಿದರು. ಅವರ ಚರ್ಮದ ಚೂರನ್ನು ಪರೀಕ್ಷಿಸಿದಾಗ, ಒಳಪದರ ಮೊದಲಿಗಿಂತ ಎಳೆಯವರ ಚರ್ಮಕ್ಕೆ ಹತ್ತಿರವಾಗಿತ್ತು. ದುಡಿಯುವ ಸ್ನಾಯುಗಳು ರಕ್ತಕ್ಕೆ ಬಿಡುವ ರಾಸಾಯನಿಕ ಸಂಕೇತಗಳು ಚರ್ಮದ ಜೀವಕೋಶಗಳನ್ನೂ ತಲುಪುತ್ತವೆ ಎನ್ನುವುದು ಅವರ ವಿವರಣೆ. 2023ರಲ್ಲಿ ಪ್ರಕಟವಾದ ಜಪಾನಿನ ಅಧ್ಯಯನವೊಂದರಲ್ಲಿ ನಡುವಯಸ್ಸಿನ ಮಹಿಳೆಯರು 16 ವಾರ ತರಬೇತಿ ಪಡೆದರು. ಸೈಕಲ್ ತುಳಿದವರಲ್ಲೂ ಭಾರ ಎತ್ತಿದವರಲ್ಲೂ ಚರ್ಮದ ಬಿಗಿ ಹೆಚ್ಚಿತು. ಒಳಪದರ ದಪ್ಪಗಾದದ್ದು ಭಾರ ಎತ್ತಿದವರಲ್ಲಿ ಮಾತ್ರ. ಅಯ್ಯರ್ ಶಿಷ್ಯರಿಗೆ ಡಂಬೆಲ್ಸ್ ಕೊಟ್ಟದ್ದು ಸ್ನಾಯುವಿಗಾಗಿ, ಚರ್ಮಕ್ಕಾದ ಲಾಭ ಪುಕ್ಕಟೆ! ಆದರೆ ಇವು ಕೆಲವೇ ಜನರ ಮೇಲೆ ನಡೆದ ಸಣ್ಣ ಅಧ್ಯಯನಗಳು. ಸುಕ್ಕು ಮಾಯವಾಯಿತು ಎಂದು ಯಾವುದೂ ಹೇಳಿಲ್ಲ.

ಬೆವರಿನ ಮಾತಂತೂ ಸುಳ್ಳು. ಅದರಲ್ಲಿರುವುದು ಬಹುಪಾಲು ನೀರು ಮತ್ತು ಉಪ್ಪು. ವಿಷ ಶೋಧಿಸುವ ಕೆಲಸ ಯಕೃತ್ತು, ಮೂತ್ರಪಿಂಡಗಳದು.

ಚರ್ಮವನ್ನು ಬೇಗ ಮುದಿಯಾಗಿಸುವ ದೊಡ್ಡ ಕಾರಣ ಬಿಸಿಲಿನ ನೇರಳಾತೀತ ಕಿರಣ. ನಮ್ಮ ಮೈಬಣ್ಣ ಸ್ವಲ್ಪ ಕಾಯುತ್ತದೆ, ಪೂರ್ತಿ ಅಲ್ಲ. ಸೂರ್ಯ ನಮಸ್ಕಾರವನ್ನು ಎಳೆಬಿಸಿಲಲ್ಲಿ ಮಾಡುವುದಕ್ಕೂ ಹನ್ನೊಂದು ಗಂಟೆಗೆ ಟೆರೇಸಿನ ಮೇಲೆ ಮಾಡುವುದಕ್ಕೂ ಚರ್ಮದ ಮಟ್ಟಿಗೆ ಬಹಳ ವ್ಯತ್ಯಾಸ. ಇನ್ನೊಂದು ಕಾರಣ ಹೊಗೆ. ಸಿಗರೇಟು ಚರ್ಮಕ್ಕೆ ರಕ್ತ ಹರಿಯುವುದನ್ನು ತಗ್ಗಿಸಿ ಕೊಲಾಜೆನ್ ನಾರುಗಳನ್ನು ಕೆಡಿಸುತ್ತದೆ. ಅಯ್ಯರ್ ಅವರ ಆಪ್ತ ಗೆಳೆಯ ಟಿ.ಪಿ. ಕೈಲಾಸಂ ಅವರ ಸಿಗರೇಟಿನ ಚಟ ಕನ್ನಡಿಗರಿಗೆಲ್ಲ ಗೊತ್ತಿರುವುದೇ. ವ್ಯಾಯಾಮದ ಗುರುವಿಗೂ ಹೊಗೆಯ ಗೆಳೆಯನಿಗೂ ಅಷ್ಟು ಸ್ನೇಹ ಹೇಗೆ ಕುದುರಿತೋ ಎಂದು ನಮಗೂ ಅಚ್ಚರಿ. ಕೈಲಾಸಂ 1946ರಲ್ಲಿ ತೀರಿಕೊಂಡರು.

ಮುಖ ಬದಲಾಗುವ ಕಥೆಯನ್ನೇ ಅಯ್ಯರ್ 'ರೂಪದರ್ಶಿ'ಯಲ್ಲಿ ಬರೆದರು. ಬಾಲಯೇಸುವಿನ ಚಿತ್ರಕ್ಕೆ ರೂಪದರ್ಶಿಯಾಗಿದ್ದ ಮುದ್ದು ಹುಡುಗನೇ ವರ್ಷಗಳ ಮೇಲೆ ಜುದಾಸನ ಚಿತ್ರಕ್ಕೂ ಸಿಗುತ್ತಾನೆ. ಇದನ್ನೇ ಹೋಲುವ ಕಥೆಯೊಂದು ಲಿಯೊನಾರ್ಡೊನ 'ಕೊನೆಯ ಭೋಜನ' ಚಿತ್ರದ ಹೆಸರಿನಲ್ಲಿ ನಿಜಸಂಗತಿಯೆಂದು ಫಾರ್ವರ್ಡ್ ಆಗುತ್ತದೆ. ಅದಕ್ಕೆ ಚರಿತ್ರೆಯಲ್ಲಿ ಆಧಾರವಿಲ್ಲ. ಅಯ್ಯರ್ ಬರೆದದ್ದು ಕಾದಂಬರಿ, ಹಾಗೆಂದೇ ಓದಬೇಕು.

ಅಯ್ಯರ್ 1980ರಲ್ಲಿ, 80 ದಾಟಿದ ಮೇಲೆ ನಿಧನರಾದರು. ಅವರ ಹೆಸರಿನ ಜೊತೆ ಹೆಚ್ಚಾಗಿ ಕಾಣುವುದು ಮಾತ್ರ ಯೌವನದ ಆ ಮಿಂಚುವ ಫೋಟೊಗಳೇ.