ಕನ್ನಡಕದ ಬೇಟೆಗಾರ ರೂಸ್‌ವೆಲ್ಟ್

1884ರ ಫೆಬ್ರವರಿ 14ರಂದು ಥಿಯೋಡರ್ ರೂಸ್‌ವೆಲ್ಟರ ತಾಯಿಯೂ ಮಡದಿಯೂ ಒಂದೇ ಮನೆಯಲ್ಲಿ ತೀರಿಕೊಂಡರು. ಕೈಗೂಸನ್ನು ಅಕ್ಕನಿಗೊಪ್ಪಿಸಿ ಅವರು ಡಕೋಟಾದ ದನಗಾವಲಿಗೆ ಹೊರಟರು. ಸೆಪ್ಟೆಂಬರಿನಲ್ಲಿ ಬಿಗ್‌ಹಾರ್ನ್ ಬೆಟ್ಟಗಳಲ್ಲಿ ಗ್ರಿಜ್ಲಿ ಕರಡಿಯ ಬೇಟೆ. ಬಾಲ್ಯದಿಂದ ಉಬ್ಬಸ, ಕಣ್ಣಂತೂ ಮಂದ, ಕನ್ನಡಕವಿಲ್ಲದೆ ಗುರಿಯೇ ಇಲ್ಲ. ಹಾಗಾಗಿ ಬಂದೂಕು ಆರಿಸುವುದರಲ್ಲಿ ಬಲು ಎಚ್ಚರ. ಹಲವನ್ನು ಬಳಸಿ ನೋಡಿ ಮೆಚ್ಚಿದ್ದು 1876ರ ಮಾದರಿಯ ವಿಂಚೆಸ್ಟರ್ ರೈಫಲನ್ನು. ಹಿಡಿಯನ್ನೂ ಗುರಿ ನೋಡುವ ಭಾಗವನ್ನೂ ತಮಗೊಪ್ಪುವಂತೆ ಮಾಡಿಸಿಕೊಂಡಿದ್ದರು. ಒಂದು ಗುಂಡು ತಪ್ಪಿದರೆ ಕೂಡಲೇ ಇನ್ನೊಂದು ಹಾರಿಸಬಹುದಿತ್ತು. ಗಾಯಗೊಂಡ ಗ್ರಿಜ್ಲಿ ಮೇಲೆರಗಿದರೆ ಪ್ರಾಣ ಉಳಿಸುವುದು ಅದೇ ತಾನೆ! ಸಂಗಾತಿ ಮೆರಿಫೀಲ್ಡರೊಡನೆ ಹೆಜ್ಜೆಗುರುತು ಹಿಡಿದು ಕಾಡು ಹೊಕ್ಕಾಗ, ಮಲಗಿದ್ದ ಕರಡಿ ಎದ್ದಿತು. ಹತ್ತು ಹೆಜ್ಜೆಯ ದೂರವೂ ಇಲ್ಲ. ಗುಂಡು ಎರಡು ಕಣ್ಣುಗಳ ನಟ್ಟನಡುವೆ ತಾಗಿತು.

ಇದೇ ರೂಸ್‌ವೆಲ್ಟರು 1902ರಲ್ಲಿ, ಅಧ್ಯಕ್ಷರಾಗಿದ್ದಾಗ, ಮಿಸಿಸಿಪಿಯಲ್ಲಿ ಕಟ್ಟಿಹಾಕಿದ್ದ ಕರಡಿಗೆ ಗುಂಡು ಹಾರಿಸಲು ಒಪ್ಪಲಿಲ್ಲ. ಮಕ್ಕಳ ಟೆಡ್ಡಿ ಬೊಂಬೆಗೆ ಹೆಸರು ಬಂದದ್ದು ಅಲ್ಲಿಂದ.