ಮೇರಿ ಮ್ಯಾಲನ್: ಕೈ ತೊಳೆಯದ ಅಡುಗೆಯವಳು

ಟೈಫಾಯ್ಡ್ ಬಂದರೆ ನಾವು ಮೊದಲು ನೀರನ್ನು ದೂರುತ್ತೇವೆ. ಆದರೆ ಹಣ್ಣು ಕತ್ತರಿಸುವ ಕೈಯಿಂದಲೂ ಅದು ಬರಬಹುದು. ಮೇರಿ ಮ್ಯಾಲನ್ ಅವರ ಬದುಕೇ ಇದಕ್ಕೆ ಸಾಕ್ಷಿ.

ಮೇರಿ 1869ರಲ್ಲಿ ಐರ್ಲೆಂಡಿನ ಕುಕ್ಸ್‌ಟೌನ್‌ನಲ್ಲಿ ಹುಟ್ಟಿದರು. ಹದಿಹರೆಯದಲ್ಲೇ ಅಮೆರಿಕಕ್ಕೆ ಹೋಗಿ, ನ್ಯೂಯಾರ್ಕಿನ ಶ್ರೀಮಂತರ ಮನೆಗಳಲ್ಲಿ ಅಡುಗೆ ಮಾಡಿ ಬದುಕಿದರು.

1906ರ ಬೇಸಿಗೆಯಲ್ಲಿ ಆಯ್ಸ್ಟರ್ ಬೇ ಎಂಬ ಊರಿನ ಒಂದು ಬಾಡಿಗೆ ಮನೆಯಲ್ಲಿ 11 ಜನರ ಪೈಕಿ 6 ಮಂದಿಗೆ ಟೈಫಾಯ್ಡ್ ಬಂತು. ಇನ್ನು ಮನೆಗೆ ಬಾಡಿಗೆದಾರರೇ ಸಿಗುವುದಿಲ್ಲವೆಂದು ಹೆದರಿದ ಮಾಲೀಕರು ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಎಂಜಿನಿಯರ್ ಅವರನ್ನು ಕರೆಸಿದರು. ನೀರು, ಹಾಲಿನಲ್ಲಿ ದೋಷ ಕಾಣಲಿಲ್ಲ. ಆಗ ಸೋಪರ್ ಕೆಲಸ ಬಿಟ್ಟು ಹೋಗಿದ್ದ ಅಡುಗೆಯವರ ಬೆನ್ನು ಹತ್ತಿದರು. ಮೇರಿ ದುಡಿದ 8 ಕುಟುಂಬಗಳಲ್ಲಿ 7 ಕಡೆ ಟೈಫಾಯ್ಡ್ ಬಂದಿತ್ತು. ಒಟ್ಟು 22 ಮಂದಿಗೆ ಕಾಯಿಲೆಯಾಗಿ, ಒಬ್ಬರು ತೀರಿಕೊಂಡಿದ್ದರು.

ಅಡುಗೆ ಬೇಯಿಸಿದರೆ ರೋಗಾಣು ಸಾಯುತ್ತದಲ್ಲವೇ? ನಿಜ. ಆದರೆ ಮೇರಿ ಐಸ್‌ಕ್ರೀಮಿಗೆ ಹಸಿ ಪೀಚ್ ಹಣ್ಣು ಕತ್ತರಿಸಿ ಹಾಕುತ್ತಿದ್ದರು. ರೋಗಾಣು ಅವರ ಮಲದಲ್ಲಿತ್ತು, ಶೌಚದ ನಂತರ ಸರಿಯಾಗಿ ತೊಳೆಯದ ಕೈಯಿಂದ ಹಣ್ಣಿಗೆ ಬಂತು. ಹಣ್ಣು ಒಲೆಯನ್ನೇ ಕಾಣಲಿಲ್ಲ, ಮಂಜುಗಡ್ಡೆ ರೋಗಾಣುವನ್ನು ಕೊಲ್ಲಲಿಲ್ಲ. ಸೋಪರ್ ತಲುಪಿದ ತೀರ್ಮಾನ ಇದು.

ಮೇರಿ ಒಪ್ಪಲಿಲ್ಲ. ಅವರು ಗಟ್ಟಿಮುಟ್ಟಾಗಿದ್ದರು, ತಮಗೆ ಜ್ವರ ಬಂದ ನೆನಪೇ ಇರಲಿಲ್ಲ. 1907ರಲ್ಲಿ ಪೊಲೀಸರು ಹಿಡಿದೊಯ್ದರು. ಪರೀಕ್ಷೆಯಲ್ಲಿ ರೋಗಾಣು ಸಿಕ್ಕಿತು, ನಾರ್ತ್ ಬ್ರದರ್ ದ್ವೀಪದಲ್ಲಿ ಒಂಟಿಯಾಗಿ ಇಟ್ಟರು. ಇನ್ನು ಅಡುಗೆ ಮಾಡುವುದಿಲ್ಲವೆಂದು ಮಾತು ಕೊಟ್ಟ ಮೇಲೆ 1910ರಲ್ಲಿ ಬಿಟ್ಟರು. ಬಟ್ಟೆ ಒಗೆಯುವ ಕೆಲಸ ಸಿಕ್ಕಿತು, ಆದರೆ ಸಂಬಳ ಕಡಿಮೆ. ಮೇರಿ ಹೆಸರು ಬದಲಿಸಿಕೊಂಡು ಮತ್ತೆ ಅಡುಗೆಮನೆ ಸೇರಿದರು. 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ 25 ಮಂದಿಗೆ ಟೈಫಾಯ್ಡ್ ಬಂದು ಇಬ್ಬರು ಸತ್ತರು. ಅಲ್ಲಿನ ಅಡುಗೆಯವರು ಮೇರಿಯೇ. ಮತ್ತೆ ಅದೇ ದ್ವೀಪ. 1938ರ ನವೆಂಬರ್ 11ರಂದು ಅಲ್ಲೇ ಕೊನೆಯುಸಿರೆಳೆದರು. ಒಟ್ಟು ಸುಮಾರು 26 ವರ್ಷ ಬಂಧನ.

ತಪ್ಪು ಯಾರದು? ಮೊದಲ ಬಾರಿ ಮೇರಿಗೆ ಗೊತ್ತಿರಲಿಲ್ಲ, ಎರಡನೇ ಬಾರಿ ಗೊತ್ತಿತ್ತು. ಆದರೆ ಅವರಂತೆ ರೋಗಾಣು ಹೊತ್ತ ನೂರಾರು ಜನ ಆ ನಗರದಲ್ಲಿದ್ದರು, ಅವರಲ್ಲಿ ಹೆಚ್ಚಿನವರು ಮನೆಗಳಲ್ಲೇ ಇದ್ದರು. ಅಡುಗೆ ಬಿಡಿ ಎಂದವರು ಅಷ್ಟೇ ಸಂಬಳದ ಬೇರೆ ಕೆಲಸ ಕೊಡಲಿಲ್ಲ. ವಾಣಿಜ್ಯ ಓದುವ ನನಗೆ ಈ ಲೆಕ್ಕ ಸರಿಯೆನಿಸುವುದಿಲ್ಲ.

ನಮ್ಮ ಮನೆಯಲ್ಲಿ ಹಣ್ಣು ಕತ್ತರಿಸಲು ಕೂತರೆ ಅಮ್ಮಿ ಮೊದಲು ನನ್ನ ಕೈ ನೋಡುತ್ತಾರೆ. ಮೊದಲೆಲ್ಲ ಸಿಟ್ಟು ಬರುತ್ತಿತ್ತು, ಈಗ ಬರುವುದಿಲ್ಲ. ಸ್ನೇಹಿತರೇ, ಶೌಚದ ನಂತರ ಮತ್ತು ಹಣ್ಣು, ಸೌತೆ, ಈರುಳ್ಳಿ ಮುಟ್ಟುವ ಮೊದಲು ಸೋಪು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ. ಸಿಪ್ಪೆ ತೆಗೆಯುವ ಹಣ್ಣನ್ನೂ ಹರಿಯುವ ನೀರಿನಲ್ಲಿ ತೊಳೆಯಿರಿ. ಜ್ವರ, ಭೇದಿ ಇದ್ದಾಗ ಬೇರೆಯವರಿಗಾಗಿ ಹಣ್ಣು ಕತ್ತರಿಸಬೇಡಿ. ನಾನು ಚೆನ್ನಾಗಿದ್ದೇನೆ ಎಂದು ಮೇರಿಯೂ ನಂಬಿದ್ದರು.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ